ಮಗಳಿಗೊಂದು ಪತ್ರ: ಗೋಡೆಯ ಮಾತು

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ಕರೆ ಮಾಡಬೇಕೆಂದುಕೊಂಡೆ, ಮಾಡಲಿಲ್ಲ. ಫೋನಿನಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತೇವೆ. "ಗೋಡೆಗೆ ಚಿತ್ತಾರ ಬರೆಯುತ್ತ ಕೂರುವುದು ನಿನಗೆ ನನಗಿಂತ ಹೆಚ್ಚಾಯಿತೇನಮ್ಮ?" ಎಂದು ಕೇಳಿದೆಯಲ್ಲ, ಅದಕ್ಕೆ ಸಮಾಧಾನವಾಗಿ ಉತ್ತರ ಕೊಡಬೇಕು. ಅದಕ್ಕೇ ಕಾಗದ.

ಬೆಂಗಳೂರಿನಲ್ಲಿ ನೀನು ಮನೆ ಕೊಂಡದ್ದು ಸಣ್ಣ ಸಂಗತಿಯಲ್ಲ. ನಮ್ಮ ಕಡೆಯಲ್ಲಿ ಹೆಣ್ಣುಮಗಳೊಬ್ಬಳ ಹೆಸರಿಗೆ, ಅವಳದೇ ದುಡಿಮೆಯಲ್ಲಿ, ಮನೆಪತ್ರ ಆದದ್ದು ಇದೇ ಮೊದಲು. ಅದರಲ್ಲಿ ನನಗೆಂದು ಒಂದು ಕೋಣೆ ಇಟ್ಟಿದ್ದೀಯ, ಬೆಳಕು ಬರುವ ಕಡೆಯದನ್ನೇ ಆರಿಸಿದ್ದೀಯ. ಆ ಕೋಣೆಗೆ ನಾನು ಬರುವುದಿಲ್ಲ ಎಂದಾಗ ನಿನಗೆಷ್ಟು ನೋವಾಗಿರಬೇಕು ಎಂದು ಗೊತ್ತು. ಕ್ಷಮಿಸು ಮಗಳೇ. ಆದರೂ ಬರುವುದಿಲ್ಲ.

ನಿನ್ನ ಅಪ್ಪನ ಕೊನೆಯ ದಿನಗಳ ಬಗ್ಗೆ ಬರೆಯುವುದಿಲ್ಲ, ನೀನೂ ಇದ್ದೆ. ನಾನು ಬರೆಯಬೇಕಾದದ್ದು ನಿನ್ನ ಅಜ್ಜಿಯ ಬಗ್ಗೆ, ನನ್ನ ಅಮ್ಮನ ಬಗ್ಗೆ. ನಿನ್ನ ನೆನಪಿನಲ್ಲಿ ಅವಳೆಂದರೆ ಮೂಲೆಯ ಚಾಪೆಯ ಮೇಲೆ ಮಾತಿಲ್ಲದೆ ಅಡಿಕೆ ಕತ್ತರಿಸುತ್ತ ಕೂತ ಮುದುಕಿ. ಅವಳು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದ ಚಿತ್ತಾರಗಿತ್ತಿ ಎಂದರೆ ನೀನು ನಂಬಲಿಕ್ಕಿಲ್ಲ. ನಮ್ಮ ದೀವರ ಜನರ ಮದುವೆಗಳಿಗೆ, ಮದುಮಕ್ಕಳು ಕೂರುವೆಡೆಯ ಹಸೆಗೋಡೆ ಬರೆಯಲು ಅವಳನ್ನು ಕರೆದೊಯ್ಯಲು ಗಾಡಿ ಬರುತ್ತಿತ್ತಂತೆ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನನಗಾಗ ಆರು ವರ್ಷ. ನಮ್ಮೂರು ಹಿನ್ನೀರಿನಲ್ಲಿ ಮುಳುಗುತ್ತದೆ, ಬಿಡಬೇಕು ಎಂದು ಎಲ್ಲರಿಗೂ ಗೊತ್ತಾಗಿತ್ತು. ಕೊಟ್ಟಿಗೆಯ ಹೆಂಚು ಆಗಲೇ ಇಳಿಸಿದ್ದರು, ಬಾಗಿಲು ಕಿತ್ತು ಅಂಗಳದಲ್ಲಿ ಒರಗಿಸಿದ್ದರು. ಆ ಗಡಿಬಿಡಿಯ ನಡುವೆ ಅಮ್ಮ ನಡುಮನೆಯ ಗೋಡೆಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ನೆನೆಹಾಕಿದಳು. "ನೀರಿಗೆ ಹೋಗುವ ಗೋಡೆಗೆ ಚಿತ್ತಾರ ಯಾಕೆ?" ಎಂದು ನನ್ನ ಅಪ್ಪ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಅವಳು ತಿರುಗಿ ನೋಡಲಿಲ್ಲ. ತೇರು ಬರೆದಳು. ಮದುವೆಯ ಹಸೆಯಲ್ಲ, ತೇರು. ಒಂದೊಂದೇ ಎಳೆ ಎಳೆಯುತ್ತ, ಊಟಕ್ಕೂ ಏಳದೆ ಬರೆದಳು. ಮುಗಿದ ಮೇಲೆ ಕೈ ತೊಳೆದುಕೊಂಡು ಬಂದು ಪಾತ್ರೆ ಕಟ್ಟಲು ಕೂತಳು.

ಆಮೇಲೆ ಲಾರಿ ಬಂತು. ನೆಲ ಗೇಣಿಯದು, ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಅಷ್ಟಕ್ಕಷ್ಟೇ. ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ಸೋಗೆಯ ಗುಡಿಸಲು, ಬಿದಿರಿನ ತಡಿಕೆ, ಚಿತ್ತಾರ ಬರೆಯಲು ಗೋಡೆಯೇ ಇಲ್ಲ. ವರ್ಷಗಳ ಮೇಲೆ ಗೋಡೆ ಬಂತು, ಆದರೆ ಅಮ್ಮನ ಕೈ ಬರಲಿಲ್ಲ. ಯಾರೋ ಮದುವೆಗೆ ಕರೆದರೆ "ಮರೆತುಹೋಗಿದೆ" ಎನ್ನುತ್ತಿದ್ದಳು. ನನಗೆ ಅವಳು ಒಂದು ಎಳೆಯನ್ನೂ ಕಲಿಸಲಿಲ್ಲ. ನಾನು ಕಲಿತದ್ದೆಲ್ಲ ಮದುವೆಯಾಗಿ ಸಾಗರದ ಸೀಮೆಗೆ ಮರಳಿದ ಮೇಲೆ, ನಿನ್ನ ಅಪ್ಪನ ತಾಯಿಯಿಂದ.

ಆ ತೇರು ನೀರಿನೊಳಗೆ ಎಷ್ಟು ಹೊತ್ತು ಇದ್ದಿರಬಹುದು? ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಎಳೆ. ನೀರು ಮುಟ್ಟಿದ ಕೂಡಲೇ ಕೆಳಗಿನ ಸಾಲು ಕರಗಿರಬೇಕು. ಮೇಲಿನ ಸಾಲು ನೀರು ಏರುವವರೆಗೆ ಕಾದಿರಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಒಣಗಿದ ಮರದ ಬೊಡ್ಡೆಗಳು ಕಾಣುವಾಗ, ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಬಂದಿದೆ ಎಂದು ಜನ ನೋಡಲು ಹೋಗುವಾಗ, ನನಗೆ ಆ ಗೋಡೆಯದೇ ಯೋಚನೆ. ಅಮ್ಮ ಅದನ್ನು ಯಾರಿಗಾಗಿ ಬರೆದಳು? ಮನೆಗೆ ವಿದಾಯ ಹೇಳಿದಳೇ, ಅಥವಾ ಕೈಗೆ ಇದೇ ಕೊನೆ ಎಂದು ಅವಳಿಗೆ ಆಗಲೇ ತಿಳಿದಿತ್ತೇ? ಅವಳು ಬದುಕಿದ್ದಾಗ ಕೇಳುವ ಧೈರ್ಯ ನನಗೆ ಬರಲಿಲ್ಲ. ನಿನಗೆ ಇದು ಹಳೆಯ ಕಥೆ ಅನ್ನಿಸಬಹುದು. ನನಗೆ ಹಾಗಲ್ಲ. ಊರು ಬದಲಾದರೆ ಕೈ ನಿಂತುಹೋಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಕೈಯೂ ನಿಂತಿತ್ತು. ನಿನ್ನ ಅಪ್ಪ ತೀರಿಕೊಂಡ ವರ್ಷ ನಮ್ಮಲ್ಲಿ ಹಬ್ಬವಿರಲಿಲ್ಲ. ಗದ್ದೆಗೆ ಬುಟ್ಟಿಯಲ್ಲಿ ಎಡೆ ಒಯ್ಯುವ ಭೂಮಿ ಹುಣ್ಣಿಮೆಯ ಹಿಂದಿನ ವಾರ ಪಕ್ಕದ ಮನೆಯ ಸೊಸೆ ಕೆಮ್ಮಣ್ಣು ಬಳಿದ ಎರಡು ಬುಟ್ಟಿಗಳನ್ನು ತಂದು ನನ್ನ ಜಗಲಿಯ ಮೇಲಿಟ್ಟಳು. ಅವಳ ಅತ್ತೆಗೆ ಕೈ ನಡುಗುತ್ತದೆ, ಇವಳಿಗೆ ಬರುವುದಿಲ್ಲ. "ಟೀಚರಮ್ಮ, ನೀವೇ ಬರೆದುಕೊಡಬೇಕು" ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಪುಂಡಿ ಕಡ್ಡಿಯನ್ನು ನೀರಿನಲ್ಲಿ ಕೊಳೆಸಿ ನಾರು ತೆಗೆದು, ತುದಿ ಜಜ್ಜಿ ಕುಂಚ ಮಾಡಿಕೊಂಡೆ. ಅಕ್ಕಿ ಅರೆದೆ. ಅಕ್ಕಿಯ ಬಿಳಿ ಹಸಿಯಾಗಿದ್ದಾಗ ಕಾಣುವುದೇ ಇಲ್ಲ. ಕೆಂಪಿನ ಮೇಲೆ ಬರೀ ನೀರು ಎಳೆದ ಹಾಗಿರುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗೆ ಮೇಲೇಳುತ್ತದೆ. ಹಾಗಾಗಿ ಬರೆಯುವಾಗ ಎಳೆ ಸರಿ ಬಂತೋ ಇಲ್ಲವೋ ಎಂದು ಗೊತ್ತಾಗುವುದಿಲ್ಲ, ಕೈಯನ್ನು ನಂಬಿ ಮುಂದೆ ಹೋಗಬೇಕು. ಮೊದಲ ಎಳೆ ಒಣಗಿ ಎದ್ದಾಗ ಸೊಟ್ಟಗಿತ್ತು. ಮೂರನೆಯದು ನೆಟ್ಟಗಾಯಿತು. ಅವತ್ತು ರಾತ್ರಿ, ನಿನ್ನ ಅಪ್ಪ ಹೋದ ಮೇಲೆ ಮೊದಲ ಸಲ, ಬೆಳಗಿನವರೆಗೆ ನಿದ್ದೆ ಮಾಡಿದೆ.

ಈಗ ನಡುಮನೆಯ ಮಣ್ಣಿನ ಗೋಡೆ ಬರೆಯುತ್ತಿದ್ದೇನೆ. ಕಪ್ಪಿಗೆ ಅಕ್ಕಿಯನ್ನು ಕರಕಲಾಗುವವರೆಗೆ ಹುರಿಯುತ್ತೇನೆ, ಹಳದಿಗೆ ಗುರಿಗೆ ಕಾಯಿ ಬೇಕು, ಅದನ್ನು ಹುಡುಕುತ್ತ ಬೆಟ್ಟದ ಅಂಚಿನವರೆಗೆ ನಡೆಯುತ್ತೇನೆ. ಮಂಡಿ ನೋವು ಎಂದು ವೈದ್ಯರು ಕೊಟ್ಟ ಗುಳಿಗೆಗಿಂತ ಈ ನಡಿಗೆಯಿಂದ ನನಗೆ ಗುಣ ಹೆಚ್ಚು. ಗದ್ದೆಯಲ್ಲಿ ತೆನೆ ಬಾಗುವ ರೀತಿ, ಮಳೆ ನಿಂತ ಮೇಲೆ ಅಡಿಕೆ ಸೋಗೆಯಿಂದ ಹನಿ ಇಳಿಯುವ ಸಾಲು, ಇದನ್ನೆಲ್ಲ ನಲವತ್ತು ವರ್ಷ ಶಾಲೆಗೆ ಹೋಗಿ ಬರುವ ದಾರಿಯಲ್ಲಿ ನೋಡಿದ್ದೆ. ನೋಡಿದ್ದೆ ಎಂಬುದು ಈಗ ತಿಳಿಯುತ್ತಿದೆ, ಏಕೆಂದರೆ ಅದೆಲ್ಲ ಕೈಯಿಂದ ಇಳಿಯುತ್ತಿದೆ. ಜೋಗಿ ಜಡೆ ಎಂಬ ಚಿತ್ತಾರ ಬರೆಯುವಾಗ ನಿನ್ನ ಅಪ್ಪ ಹಿಂದೆ ನಿಂತು "ಎಡಕ್ಕೆ ವಾಲಿತು" ಎನ್ನುತ್ತಿದ್ದರು. ಈಗ ಯಾರೂ ಹೇಳುವುದಿಲ್ಲ. ನಾನೇ ಹಿಂದೆ ಸರಿದು ನೋಡಿಕೊಳ್ಳುತ್ತೇನೆ.

ನಿನ್ನ ವಿಷಯಕ್ಕೆ ಬರುತ್ತೇನೆ. ಬುದ್ಧಿ ಹೇಳಬಾರದು ಎಂದುಕೊಂಡೇ ಕಾಗದ ಹಿಡಿದೆ, ಆದರೆ ಹೇಳದಿದ್ದರೆ ನಾನು ನಿನ್ನ ತಾಯಿಯಲ್ಲ. ರಾತ್ರಿ ಒಂದು ಗಂಟೆಗೆ ಸಂದೇಶ ಕಳಿಸುತ್ತೀಯ, ಬೆಳಗ್ಗೆ ಆರಕ್ಕೆ ಇನ್ನೊಂದು. ನಡುವೆ ನಿದ್ದೆ ಯಾವಾಗ? ಊಟ ದಿನವೂ ಹೊರಗಿನಿಂದ ತರಿಸುತ್ತೀಯ. ಹೋದ ಸಲ ಬಂದಾಗ ಜಗಲಿಯಲ್ಲಿ ಕೂತು ಕಾಫಿ ಆರಿಹೋಗುವವರೆಗೂ ಮೊಬೈಲ್ ನೋಡಿದೆ, ಎದುರಿನ ಗೇರು ಮರ ಹೂ ಬಿಟ್ಟದ್ದನ್ನು ನೋಡಲಿಲ್ಲ. ಚಿಕ್ಕವಳಿದ್ದಾಗ ಬುಟ್ಟಿಗೆ ಕೆಮ್ಮಣ್ಣು ಬಳಿಯಲು ನನಗಿಂತ ಮೊದಲು ಕೂರುತ್ತಿದ್ದವಳು ನೀನು. ಆ ಕೈ ಈಗ ಕೀಲಿಮಣೆಯ ಮೇಲೆ ಮಾತ್ರ ಓಡುತ್ತಿದೆ. ನೀನು ಚಿತ್ತಾರಗಿತ್ತಿಯಾಗಬೇಕಿಲ್ಲ. ಆದರೆ ದಿನಕ್ಕೆ ಸ್ವಲ್ಪ ಹೊತ್ತು ಕೈಗೆ ಮಣ್ಣು, ಹಿಟ್ಟು, ಗಿಡ, ಏನಾದರೂ ತಾಗಲಿ. ಒಂಟಿಯಾಗಿರುವವಳು ನಾನಲ್ಲ, ನೀನು ಎಂದು ನನಗೆ ಎಷ್ಟೋ ರಾತ್ರಿ ಅನ್ನಿಸಿದೆ. ಈ ಮಾತಿಗೆ ನಿನಗೆ ಸಿಟ್ಟು ಬರುತ್ತದೆ, ಬರಲಿ.

ಬಚ್ಚಲಲ್ಲಿ ಜಾರಿ ಬಿದ್ದದ್ದು ನಿಜ. ಗೋಡೆಗೆ ಹಿಡಿಕೆ ಹಾಕಿಸಿ, ನೆಲಕ್ಕೆ ಒರಟು ಕಲ್ಲು ಹಾಸಿಸಿದ್ದೇನೆ. ರಕ್ತದೊತ್ತಡದ ಗುಳಿಗೆ ತಪ್ಪಿಸುವುದಿಲ್ಲ. ಪಕ್ಕದ ಮನೆಯ ಸೊಸೆ ಸಂಜೆ ಚಿತ್ತಾರ ಕಲಿಯಲು ಬರುತ್ತಾಳೆ. ಅವಳು ಬರುವ ಹೊತ್ತಿಗೆ ನನ್ನ ಬಾಗಿಲು ತೆರೆಯದಿದ್ದರೆ ನಿನಗೆ ಫೋನ್ ಬರುತ್ತದೆ. ಆಷಾಢದ ಜೋರು ಮಳೆಯ ತಿಂಗಳು ಬೇಕಾದರೆ ನಿನ್ನಲ್ಲಿಗೆ ಬಂದಿರುತ್ತೇನೆ, ಹೇಗೂ ಆಗ ಗೋಡೆಗೆ ಬರೆದದ್ದು ಒಣಗುವುದಿಲ್ಲ. ಮನೆ ಮಾರುವ ಮಾತು ಮಾತ್ರ ನಾನಿರುವಾಗ ಎತ್ತಬೇಡ.

ಈ ವರ್ಷ ಭೂಮಿ ಹುಣ್ಣಿಮೆಗೆ ನಮ್ಮ ಮನೆಯ ಬುಟ್ಟಿಯೂ ಗದ್ದೆಗೆ ಹೋಗಬೇಕು. ನಸುಕಿನಲ್ಲೇ ಹೊರುವವರು ಬೇಕು. ಗಂಡಸರೇ ಹೊರಬೇಕು ಎನ್ನುವವರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ, ನೀನು ಬಾ. ತಾಳಗುಪ್ಪದ ರಾತ್ರಿ ರೈಲಿಗೆ ಈಗಲೇ ಸೀಟು ಕಾದಿರಿಸು, ಹಬ್ಬದ ಹೊತ್ತಿಗೆ ಸಿಗುವುದಿಲ್ಲ. ಬರುವಾಗ ನನ್ನ ಕನ್ನಡಕದ ಹೊಸ ಚೀಟಿ ತರಲು ಮರೆಯಬೇಡ, ಸಣ್ಣ ಎಳೆ ಎರಡಾಗಿ ಕಾಣುತ್ತಿದೆ.

ನಿನ್ನ
ಅಮ್ಮ