ವಾಖಾನಿನ ಆ ಕತ್ತೆಯ ಯಜಮಾನರಿಗೆ

ನಿಮ್ಮ ಹೆಸರು ಕೇಳಿದ್ದೆ, ಆದರೆ ತಲೆ ಸಿಡಿಯುತ್ತಿದ್ದ ಹೊತ್ತಿನಲ್ಲಿ ಅದು ಕಿವಿಯಲ್ಲಿ ನಿಲ್ಲಲಿಲ್ಲ. ಹಾಗಾಗಿ ಈ ಧನ್ಯವಾದಕ್ಕೆ ವಿಳಾಸವಿಲ್ಲ.

ಅಫ್ಘಾನಿಸ್ತಾನದ ಬದಖ್‌ಶಾನ್ ಪ್ರಾಂತ್ಯದ ಪೂರ್ವದ ತುದಿಯ ವಾಖಾನ್, ಅಲ್ಲಿನ ಸರ್ಹದ್-ಎ-ಬ್ರೊಘಿಲ್ ಹಳ್ಳಿಯಿಂದ ಪುಟ್ಟ ಪಾಮಿರ್ ಎಂಬ ಎತ್ತರದ ಹುಲ್ಲುಗಾವಲಿನ ಕಡೆಗೆ ಹೋಗುವ ಕಾಲುದಾರಿ. 4,000 ಮೀಟರ್ ದಾಟಿದ ದಲೀಜ್ ಕಣಿವೆದಾರಿಯ ಹತ್ತಿರ ನನಗೆ ವಾಂತಿ, ಹೆಜ್ಜೆಯೂ ತಪ್ಪುತ್ತಿತ್ತು. ಎತ್ತರದ ಕಾಯಿಲೆಗೆ ಕೆಳಗಿಳಿಯುವುದೇ ಮೊದಲ ಮದ್ದು. ನನ್ನ ಮುಖ ನೋಡಿದ್ದೇ ನಿಮಗೆ ಅದು ತಿಳಿದುಹೋಯಿತು.

ನೀವು ಹೊರಟಿದ್ದು ವ್ಯಾಪಾರಕ್ಕೆ. ಪಾಮಿರಿನ ಆ ಎತ್ತರದಲ್ಲಿ ಬೆಳೆ ಬೆಳೆಯುವುದಿಲ್ಲ. ಅಲ್ಲಿನ ಕಿರ್ಗಿಜ್ ಕುರಿಗಾಹಿಗಳಿಗೆ ನಿಮ್ಮಂಥ ವಾಖಿ ಜನ ಹಿಟ್ಟು, ಚಹಾಪುಡಿ ಒಯ್ದು ಕುರಿ, ಒಣಮೊಸರಿನ ಉಂಡೆ ತರುತ್ತಾರೆ. ಆ ಹಿಟ್ಟಿನ ಮೂಟೆಗಳನ್ನು ಬಂಡೆಯ ಮರೆಗೆ ಇಳಿಸಿ, ಕಂಬಳಿ ಹೊದಿಸಿ, ಕತ್ತೆಯ ಮೇಲೆ ನನ್ನನ್ನು ಕೂರಿಸಿದಿರಿ. ಬಂದ ದಾರಿಯಲ್ಲೇ ವಾಪಸು! ನನಗಿಂತ ಕತ್ತೆಗೇ ಇದು ಹೆಚ್ಚು ಬೇಸರವಾಗಿತ್ತೆಂದು ಕಾಣುತ್ತದೆ.

ಬ್ರೊಘಿಲ್ ಕಣಿವೆ ದಾಟಿ ಪಾಕಿಸ್ತಾನದ ಚಿತ್ರಾಲಿಗೆ ಹೋಗಿಬಂದವರಾದ್ದರಿಂದ ನಿಮ್ಮ ಹರುಕು ಉರ್ದು, ನನ್ನ ಹುಬ್ಬಳ್ಳಿ ಹಿಂದಿ ಹೇಗೋ ಹೊಂದಿಕೊಂಡವು. ನಿದ್ದೆ ಹೋಗದಂತೆ ದಾರಿಯುದ್ದಕ್ಕೂ ಪ್ರಶ್ನೆ ಕೇಳಿದಿರಿ: ನಿಮ್ಮಲ್ಲಿ ಕುರಿಗೆಷ್ಟು? ಹಿಮ ಬೀಳುವುದೇ ಇಲ್ಲವೇ? ನಿಮ್ಮ ಮನೆಯಲ್ಲಿ ಉಪ್ಪು ಹಾಕಿದ ಹಾಲು ಚಹಾ ಕೊಟ್ಟರು. ರುಚಿ ಹಿಡಿಸಲಿಲ್ಲ, ಆದರೆ ಹೊಟ್ಟೆಯಲ್ಲಿ ನಿಂತಿತು.

ಕೂಲಿ ಕೊಡಲು ಹೋದರೆ ಕತ್ತೆಯ ಬಾಡಿಗೆಯಷ್ಟನ್ನೇ ಎಣಿಸಿಕೊಂಡಿರಿ. ಹಾಳಾದ ನಿಮ್ಮ ದಿನಗಳ ಲೆಕ್ಕ ಅದರಲ್ಲಿರಲಿಲ್ಲ. ಮೂಟೆಗಳು ಒದ್ದೆಯಾಗದೆ ಸಿಕ್ಕವೇ? ಈಗಲೂ ಅದೇ ಯೋಚನೆ.