ಓಡುವ ಮಕ್ಕಳ ನಾಡಿ, ಕಾಲು ಮತ್ತು ಭಾನುವಾರದ ನಿದ್ದೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಮೊನ್ನೆ, ನಮ್ಮ ಶಾಲೆಯ ಓಟಕ್ಕೆ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಗಾಬರಿಯಿಂದ ನನ್ನ ಕೋಣೆಗೆ ಬಂದರು. ಕೈಯಲ್ಲಿ ಪಿ.ಟಿ. ಸರ್ ಬರೆದುಕೊಟ್ಟ ಚೀಟಿ. "ಮೇಡಂ, ದಸರಾ ಹೊತ್ತಿಗೆ ಇವಳ ನಾಡಿ 74 ಇತ್ತು. ಈಗ 64 ಅಂತೆ. ಓಡಿ ಓಡಿ ಎದೆ ಸೋತುಹೋಯ್ತಾ?"

ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಎದೆ ಸೋತಿಲ್ಲ, ಬಲಿತಿದೆ. ಹೃದಯವೂ ಮಾಂಸಖಂಡವೇ ಅಲ್ವಾ? ತಿಂಗಳುಗಟ್ಟಲೆ ತಪ್ಪದೆ ಓಡಿದರೆ ಮೈಯಲ್ಲಿ ರಕ್ತ ಜಾಸ್ತಿಯಾಗುತ್ತದೆ. ಹೃದಯದ ಎಡಗಡೆಯ ಕೋಣೆ ನಿಧಾನವಾಗಿ ಹಿಗ್ಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ. ಸಣ್ಣ ಬಿಂದಿಗೆಯಲ್ಲಿ ಹತ್ತು ಸಲ ಹೊರುತ್ತಿದ್ದ ನೀರನ್ನು ದೊಡ್ಡ ಕೊಡದಲ್ಲಿ ಎಂಟು ಸಲಕ್ಕೆ ಹೊತ್ತ ಹಾಗೆ. ವರ್ಷಗಟ್ಟಲೆ ದೂರ ಓಡಿದವರ ನಾಡಿ, ಸುಮ್ನೆ ಕುಳಿತಾಗ, 40ರ ಆಸುಪಾಸಿಗೆ ಇಳಿಯುವುದೂ ಉಂಟು.

ಆದರೆ ಓಡುವಾಗ ತಲೆ ಸುತ್ತಿ ಬಿದ್ದರೆ, ಎದೆ ನೋವು ಎಂದರೆ, ಅದು ಬೇರೆ ಮಾತು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೂ ದಯವಿಟ್ಟು ಮುಚ್ಚಿಡಬೇಡಿ. ಅಂಥ ಮಗುವನ್ನು ಡಾಕ್ಟರು ನೋಡುವ ತನಕ ನಾನು ಓಡಿಸುವುದಿಲ್ಲ.

ಇನ್ನು ಕಾಲಿನ ವಿಷಯ. ಮಾಂಸಖಂಡದ ಎಳೆಗಳ ಸುತ್ತ ಕೂದಲಿಗಿಂತ ತೆಳುವಾದ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಎಳೆಗಳ ಒಳಗೆ ಮೈಟೊಕಾಂಡ್ರಿಯ ಹೆಚ್ಚುತ್ತವೆ. ಸಕ್ಕರೆ, ಕೊಬ್ಬನ್ನು ಆಮ್ಲಜನಕದ ಜೊತೆ ಉರಿಸುವ ಒಲೆಗಳು ಅವು. ಈ ಕಟ್ಟೋಣ ಹೆಚ್ಚಾಗಿ ನಡೆಯುವುದು ಓಡಿ ಬಂದ ಮೇಲೆ, ಮಗು ಉಂಡು ಮಲಗಿದಾಗ. ಜನವರಿ ಬಂತೆಂದರೆ ಮುಂಬೈಯಲ್ಲೆಲ್ಲ ಮ್ಯಾರಥಾನ್ ಮಾತು. ಆ ಹುರುಪಿನಲ್ಲಿ ಕೆಲವರು ಭಾನುವಾರವೂ ಮಕ್ಕಳನ್ನು ಎಬ್ಬಿಸಿ ಓಡಿಸುತ್ತಿದ್ದೀರಿ ಎಂದು ಗೊತ್ತಾಯಿತು. ಬೇಡ. ಶನಿವಾರ ಓಡಿದ ಕಾಲಿಗೆ ಭಾನುವಾರ, ಸೋಮವಾರ ನೋವು ಬರುತ್ತದೆ. ಅದು, ಜೋರಾಗಿ ಓಡುವಾಗ ಮಾಂಸಖಂಡದಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ನಿಂತು ಬರುವ ನೋವು ಎಂದು ಎಷ್ಟೋ ಜನ ನಂಬಿದ್ದಾರೆ. ಆ ಆಮ್ಲ ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯಗಳು ರಿಪೇರಿಯಾಗುವಾಗಿನ ನೋವು ಅದು. ಎರಡು ಮೂರು ದಿನ ಕೊಟ್ಟರೆ ತಾನೇ ಹೋಗುತ್ತದೆ.

ಕಳೆದ ಶನಿವಾರ ನಮ್ಮ ಮಕ್ಕಳು ಓಡುವ ಉದ್ಯಾನವಾದ ಫೈವ್ ಗಾರ್ಡನ್ಸ್‌ನಲ್ಲಿ ಎರಡನೇ ಸುತ್ತಿಗೆ ಒಬ್ಬ ಹುಡುಗ ಫುಟ್‌ಪಾತಿನ ಅಂಚಿನಲ್ಲಿ ಕುಳಿತುಬಿಟ್ಟ. ಹಣೆ ತಣ್ಣಗೆ ಬೆವೆತಿತ್ತು, ಬೆರಳು ನಡುಗುತ್ತಿದ್ದವು. ಹಿಂದಿನ ರಾತ್ರಿ ಎಂಟಕ್ಕೆ ಉಂಡವನು ಬೆಳಗ್ಗೆ ಏನೂ ತಿಂದಿರಲಿಲ್ಲ. ಬೆಲ್ಲ, ನೀರು ಕೊಟ್ಟೆವು. ಹತ್ತು ನಿಮಿಷಕ್ಕೆ ಮುಖಕ್ಕೆ ಕಳೆ ಬಂತು. ಮೈಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಮಾಂಸಖಂಡದಲ್ಲಿ ಹೆಚ್ಚು, ಪಿತ್ತಜನಕಾಂಗದಲ್ಲಿ ಸ್ವಲ್ಪ. ಆ ಸ್ವಲ್ಪದಲ್ಲೂ ಒಂದು ದೊಡ್ಡ ಪಾಲು ರಾತ್ರಿ ನಿದ್ದೆಯಲ್ಲೇ ಖರ್ಚಾಗುತ್ತದೆ. 42 ಕಿಲೋಮೀಟರ್ ಓಡುವ ಪಳಗಿದವರಿಗೂ 30 ಕಿಲೋಮೀಟರ್ ದಾಟಿದ ಮೇಲೆ ಈ ದಾಸ್ತಾನು ಬರಿದಾಗಿ ಕಾಲು ಕಲ್ಲಾಗುವುದುಂಟು. ಖಾಲಿ ಹೊಟ್ಟೆಯ ಹುಡುಗನನ್ನು ಸೋಮಾರಿ ಅನ್ನಬೇಡಿ.

ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ನಾಲ್ಕಕ್ಕೇ ಹೋಟೆಲ್ ಡ್ಯೂಟಿಗೆ ಹೊರಡುತ್ತಾರೆ, ಅಮ್ಮನಿಗೆ ನಳದ ನೀರು ಹಿಡಿಯುವ ಹೊತ್ತು ಅದು. ನನಗೆ ಗೊತ್ತು. ಬಿಸಿ ತಿಂಡಿ ಬೇಕಿಲ್ಲ. ಹೊರಡುವ ಮುನ್ನ ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ಓಡಿ ಬಂದ ಮೇಲೆ ಉಪ್ಪು ಹಾಕಿದ ಗಂಜಿ ಅಥವಾ ಮಜ್ಜಿಗೆ ಅನ್ನ ಕೊಡಿ.

ಬರುವ ಶನಿವಾರ ಬೆಳಗ್ಗೆ ಆರಕ್ಕೆ ಶಾಲೆಯ ಗೇಟಿನ ಹತ್ತಿರ ಸೇರುತ್ತೇವೆ. ಬಾಳೆಹಣ್ಣು ತರಲಾಗದವರಿಗೆ ನನ್ನ ಚೀಲದಲ್ಲಿ ಇರುತ್ತದೆ.

ನಿಮ್ಮ,
ಮುಖ್ಯ ಶಿಕ್ಷಕಿ