ಲ್ಯಾಬ್‌ನಲ್ಲಿ ಇಂಟರ್ನೆಟ್: ಶಹಾಪುರದ ಪಾಲಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ 8, 9, 10ನೇ ತರಗತಿಯ ಮಕ್ಕಳಿಗೆ ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಇಂಟರ್ನೆಟ್ ಸಿಗಲಿದೆ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದ ಪಾಠ, ವಿಕಿಪೀಡಿಯ ನೋಡಬಹುದು. ಗೇಮ್, ರೀಲ್ಸ್ ತೆರೆಯುವುದಿಲ್ಲ.

ಆದರೆ ಲ್ಯಾಬ್ ವಾರಕ್ಕೆ ಎರಡೇ ತಾಸು. ಮನೆಯ ಫೋನ್ ದಿನವಿಡೀ ಕೈಯಲ್ಲೇ ಇರುತ್ತದೆ, ಅಲ್ವಾ? "ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ" ಅಂತ ಕರೆ ಬಂದರೆ ಮಕ್ಕಳು ನಂಬಿ ಹೇಳಿಬಿಡುತ್ತಾರೆ. ಅಪ್ಪನ ಬ್ಯಾಂಕ್ ಖಾತೆ ಅದೇ ನಂಬರಿಗೆ ಜೋಡಿಸಿರುತ್ತದೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ.

ಯಾರಾದರೂ ಫೋಟೋ ತೋರಿಸಿ ಹೆದರಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ದಯವಿಟ್ಟು ಮಕ್ಕಳನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ.

ಒಪ್ಪಿಗೆ ಪತ್ರಕ್ಕೆ ಶನಿವಾರ ಬಂದು ಸಹಿ ಹಾಕಿ. ತೊಗರಿ ರಾಶಿ ಇದ್ದವರು ಮಕ್ಕಳ ಕೈಲೇ ಕಳಿಸಿದರೂ ನಡೆಯುತ್ತದೆ.